ಮಡಿಕೇರಿಯಲ್ಲಿ ಮೊಬೈಲ್ ಚಿತ್ರಗಳ ಪ್ರದರ್ಶನ: ಫೈಲು, ಮುದ್ರಣ, ಗೋಡೆ, ತೇವದ ಬಗ್ಗೆ ಸಲಹೆ ಬೇಕು

ಬೆಟ್ಟದಬಣ್ಣ:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಎರಡನೇ ವಾರ ಮಡಿಕೇರಿಯಲ್ಲಿ ಮೂರು ದಿನದ ಚಿತ್ರಪ್ರದರ್ಶನ ಇಡುತ್ತಿದ್ದೇವೆ. ಷರತ್ತು ಒಂದೇ, ಕೃತಿ ಮೊದಲಿಂದ ಕೊನೆಯವರೆಗೆ ಮೊಬೈಲ್ ಫೋನಿನಲ್ಲೇ ಆಗಿರಬೇಕು. ಬೆರಳಲ್ಲಿ ಬಿಡಿಸಿದ ಚಿತ್ರ, ಫೋನ್ ಕ್ಯಾಮೆರಾದ ಫೋಟೊ, ಫೋಟೊ ಮೇಲೆ ಬಣ್ಣ ಹಾಕಿದ್ದು, ಕೊಲಾಜ್, ಎಲ್ಲ ಬಂದಿವೆ. ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಗೋಣಿಕೊಪ್ಪದ ಕಡೆಯಿಂದ ಬಂದವುಗಳಲ್ಲಿ 40 ಆರಿಸಿದ್ದೇವೆ.

ಹಾಲ್ 40×25 ಅಡಿ. ಹಂಚಿನ ಮಾಡಿನ ಹಳೇ ಕಟ್ಟಡ, ಸುಣ್ಣ ಬಳಿದ ದಪ್ಪ ಗೋಡೆ, ಮೊಳೆ ಹೊಡೆಯಲು ಬಿಡುವುದಿಲ್ಲ. ಗೋಡೆಯ ಮೇಲ್ಭಾಗದಲ್ಲಿ ಸುತ್ತಲೂ ಮರದ ಪಟ್ಟಿ ಇದೆ. ಬಾಗಿಲು, ಕಿಟಕಿ ಕಳೆದರೆ 90 ಅಡಿಯಷ್ಟು ಗೋಡೆ ಸಿಗುತ್ತದೆ.

ಎಲ್ಲವನ್ನೂ ಎ2 ಅಳತೆಗೆ ಮುದ್ರಿಸಿ ಒಂದೇ ಸಾಲಿನಲ್ಲಿ ತೂಗುಹಾಕುವ ಯೋಚನೆ ಇದೆ. ಹೆಚ್ಚಿನ ಫೈಲು ವಾಟ್ಸ್ಯಾಪ್‌ನಲ್ಲಿ ಬಂದಿವೆ, ಅವು ಸಾಕಾಗುತ್ತವೆಯೇ? ಫ್ಲೆಕ್ಸ್ ಅಂಗಡಿಯವರು ಸನ್‌ಬೋರ್ಡ್ ಮೇಲೆ ವಿನೈಲ್ ಅಂಟಿಸಿ ಕೊಡುತ್ತೇವೆ ಅನ್ನುತ್ತಾರೆ, ಆದೀತೆ? ಅಥವಾ ಮುದ್ರಣವೇ ಬೇಡ, ಟಿವಿ ಮತ್ತು ಟ್ಯಾಬ್‌ಗಳಲ್ಲಿ ತೋರಿಸುವುದು ಒಳ್ಳೆಯದೇ? ಬೆಳಗಿನ ಮಂಜು, ತೇವ, ಕರೆಂಟು ಇವನ್ನು ಲೆಕ್ಕಕ್ಕೆ ಇಟ್ಟುಕೊಂಡು ಹೇಳಿ.

ಮುದ್ರಣಮಿತ್ರ:

ಎಲ್ಲಕ್ಕೂ ಎ2 ಅನ್ನುವುದನ್ನು ಮೊದಲು ಬಿಡಿ. ಯಾವ ಚಿತ್ರ ಎಷ್ಟು ದೊಡ್ಡದಾಗಬಹುದು ಎಂದು ಅದರ ಫೈಲೇ ಹೇಳುತ್ತದೆ.

ಚಿತ್ರದ ಪಿಕ್ಸೆಲ್ ಸಂಖ್ಯೆಯನ್ನು ಇಂಚಿಗೆ ಬೇಕಾದ ಪಿಕ್ಸೆಲ್‌ನಿಂದ ಭಾಗಿಸಿ. ಒಂದಡಿ ದೂರದಿಂದ ನೋಡುವ ಚಿಕ್ಕ ಚಿತ್ರಕ್ಕೆ ಇಂಚಿಗೆ 300 ಬೇಕು, ಎರಡಡಿ ದೂರ ನಿಂತು ನೋಡುವುದಕ್ಕೆ 150 ಸಾಕು. 12 ಮೆಗಾಪಿಕ್ಸೆಲ್ ಫೋಟೊ ಅಂದರೆ 4000×3000 ಪಿಕ್ಸೆಲ್. ಅದು 300ರ ಲೆಕ್ಕದಲ್ಲಿ 13×10 ಇಂಚು, 150ರಲ್ಲಿ 26×20 ಇಂಚು. ಎ2 ಅಳತೆ 23.4×16.5 ಇಂಚು, ಹಾಗಾಗಿ ಒಳ್ಳೇ ಬೆಳಕಿನಲ್ಲಿ ತೆಗೆದ ಮೂಲ ಫೋಟೊ ಎ2 ತಡೆಯುತ್ತದೆ. ಆದರೆ ವಾಟ್ಸ್ಯಾಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದ್ದು ಉದ್ದದ ಬದಿಯಲ್ಲಿ ಸುಮಾರು 1600 ಪಿಕ್ಸೆಲ್‌ಗೆ ಇಳಿದಿರುತ್ತದೆ. ಅದನ್ನು ಎ2ಗೆ ಹಿಗ್ಗಿಸಿದರೆ ಇಂಚಿಗೆ 68 ಪಿಕ್ಸೆಲ್, ಗೆರೆಗಳ ಅಂಚಿನಲ್ಲಿ ಧೂಳು ಮೆತ್ತಿದಂಥ ಕಲೆ ಬೇರೆ. ಎಚ್‌ಡಿ ಒತ್ತಿ ಕಳಿಸಿದರೂ ಸಂಕುಚನ ಇದ್ದೇ ಇದೆ. 40 ಜನಕ್ಕೂ ಇವತ್ತೇ ಹೇಳಿಬಿಡಿ: ಗ್ಯಾಲರಿಯಿಂದ ಅಲ್ಲ, ಅಟ್ಯಾಚ್ ಒತ್ತಿ ‘ಡಾಕ್ಯುಮೆಂಟ್’ ಆಗಿ ಕಳಿಸಬೇಕು, ಇಲ್ಲವೇ ಡ್ರೈವ್ ಲಿಂಕ್ ಕೊಡಬೇಕು. ಇನ್‌ಸ್ಟಾಗ್ರಾಮ್‌ನಿಂದ ಇಳಿಸಿದ್ದು, ಸ್ಕ್ರೀನ್‌ಶಾಟ್ ಎರಡೂ ಬೇಡ.

ಡ್ರಾಯಿಂಗ್ ಆ್ಯಪ್‌ನ ಚಿತ್ರಗಳಲ್ಲಿ ಬೇರೆ ತೊಂದರೆ. ಐಬಿಸ್ ಪೇಂಟ್ ಆಗಲಿ, ಸ್ಕೆಚ್‌ಬುಕ್ ಆಗಲಿ, ಇನ್‌ಫಿನಿಟ್ ಪೇಂಟರ್ ಆಗಲಿ, ಶುರುವಿನಲ್ಲಿ ಇಟ್ಟ ಕ್ಯಾನ್ವಾಸ್ ಅಳತೆಯೇ ಕೊನೆಯವರೆಗೆ ಗತಿ. ಬಹಳ ಜನ ಪರದೆಯಷ್ಟೇ, ಅಂದರೆ 1080×1920ರಲ್ಲಿ ಶುರು ಮಾಡಿರುತ್ತಾರೆ. ಅದು 150ರ ಲೆಕ್ಕದಲ್ಲಿ 7×13 ಇಂಚು ಮಾತ್ರ. ಮುಗಿದ ಮೇಲೆ ಕ್ಯಾನ್ವಾಸ್ ದೊಡ್ಡದು ಮಾಡಿದರೆ ಕುಂಚದ ಗೆರೆಗಳೆಲ್ಲ ಮಸುಕಾಗುತ್ತವೆಯೇ ಹೊರತು ಹೊಸ ವಿವರ ಹುಟ್ಟುವುದಿಲ್ಲ. ಇನ್ನೂ ಬಿಡಿಸುತ್ತಾ ಇರುವವರು ಯಾರಾದರೂ ಇದ್ದರೆ ಎ3ಗೆ 3508×4961 ಇಟ್ಟು ಶುರು ಮಾಡಲಿ. ರ‍್ಯಾಮ್ ಕಡಿಮೆ ಇರುವ ಫೋನಿನಲ್ಲಿ ಇಷ್ಟಕ್ಕೆ ಲೇಯರ್ ಮೂರ್ನಾಲ್ಕೇ ಸಿಗಬಹುದು, ಆ್ಯಪ್ ತಡವರಿಸಬಹುದು. ಅಂಥವರಿಗೆ 2480×3508 ಸಾಕು. ಪಿಎನ್‌ಜಿಯಾಗಿ ಎಕ್ಸ್‌ಪೋರ್ಟ್ ಮಾಡಿಸಿ.

ಫೋಟೊಗಳನ್ನು ಪಿಕ್ಸೆಲ್ ಎಣಿಸಿ ಮಾತ್ರ ಒಪ್ಪಬೇಡಿ. ಕಂಪ್ಯೂಟರಿನಲ್ಲಿ ನೂರು ಪ್ರತಿಶತ ಜೂಮ್ ಮಾಡಿ ಎಲೆಗಳನ್ನು ನೋಡಿ. ಸಿಲ್ವರ್ ಓಕ್ ನೆರಳಿನಲ್ಲಿ ಕಾಫಿ ಗಿಡ ತೆಗೆದಾಗ ಬೆಳಕು ಸಾಲದೆ ಫೋನು ಕಾಳುಕಾಳನ್ನು ಅಳಿಸಲು ಹೋಗಿ ಎಲೆಯ ನರವನ್ನೂ ಅಳಿಸಿಬಿಡುತ್ತದೆ. ಆರಿಂಚಿನ ಪರದೆಯಲ್ಲಿ ಇದು ಗೊತ್ತೇ ಆಗುವುದಿಲ್ಲ, ಎ2 ಮುದ್ರಣದಲ್ಲಿ ಎಲೆಗಳೆಲ್ಲ ಕರಗಿದ ಮೇಣದ ಹಾಗೆ ಒಂದಕ್ಕೊಂದು ಮೆತ್ತಿಕೊಂಡಿರುತ್ತವೆ. ಡಿಜಿಟಲ್ ಜೂಮ್ ಹಾಕಿ ತೆಗೆದ ಹಕ್ಕಿ, ಆನೆ ಫೋಟೊಗಳದ್ದೂ ಇದೇ ಕಥೆ. ಇವಕ್ಕೆ 8×10 ಇಂಚು ಮೀರಬೇಡಿ.

ಇನ್ನು ಬಣ್ಣ. ಫೋನು ಒಳಗಿನಿಂದ ಬೆಳಗುತ್ತದೆ, ಕಾಗದ ಮೇಲೆ ಬಿದ್ದ ಬೆಳಕನ್ನಷ್ಟೇ ವಾಪಸ್ ಕೊಡುತ್ತದೆ. ಹಾಗಾಗಿ ಮೊದಲ ಮುದ್ರಣ ಕಪ್ಪಾಗಿ ಬಂದೇ ಬರುತ್ತದೆ. ಕುಪ್ಯ (ಕೊಡವರ ಕಪ್ಪು ನಿಲುವಂಗಿ) ಉಟ್ಟವರ ಚಿತ್ರ ನಿಮ್ಮಲ್ಲಿ ನಾಲ್ಕಾದರೂ ಇರುತ್ತವೆ. ಪರದೆಯಲ್ಲಿ ಕುಪ್ಯದ ನೆರಿಗೆ, ತೋಳಿನ ಹೊಲಿಗೆ ಎಲ್ಲ ಕಾಣುತ್ತದೆ, ಕಾಗದದಲ್ಲಿ ಸೊಂಟದ ಕೆಂಪು ಚೇಲೆ ಮತ್ತು ಅದಕ್ಕೆ ಸಿಕ್ಕಿಸಿದ ಪೀಚೆಕತ್ತಿಯ ಹಿಡಿ ಬಿಟ್ಟರೆ ಉಳಿದದ್ದು ಒಂದೇ ಕಪ್ಪು ಮುದ್ದೆ. ಫೋಟೊ ತಿದ್ದುವ ಸ್ನ್ಯಾಪ್‌ಸೀಡ್ ಆ್ಯಪ್‌ನ ಕರ್ವ್ಸ್‌ನಲ್ಲಿ ಎಡಗಡೆಯ ಕೆಳಬಿಂದುವನ್ನು ಸ್ವಲ್ಪ ಮೇಲೆತ್ತಿ, 0ಯಿಂದ 255ರ ಅಳತೆಯಲ್ಲಿ ಅತಿ ಕಪ್ಪು ಭಾಗ 0 ಇರುವುದು 15ರಿಂದ 20ರ ಹತ್ತಿರ ಬರಲಿ. ನಡುವಿನ ಬಿಂದುವನ್ನೂ ಒಂದಿಷ್ಟು ಎತ್ತಿ. ನಾಟಿ ಗದ್ದೆಯ ಮಿಂಚುವ ಹಸಿರು ಮತ್ತು ಗಾಢ ನೀಲಿ ಶಾಯಿಗೆ ಎಟುಕುವುದಿಲ್ಲ. ಕಲಾವಿದರಿಗೆ ಮೊದಲೇ ತಿಳಿಸಿ, ಇಲ್ಲದಿದ್ದರೆ ಉದ್ಘಾಟನೆ ದಿನ ಬೇಸರ ಮಾಡಿಕೊಳ್ಳುತ್ತಾರೆ. ಐಫೋನ್ ಫೈಲುಗಳನ್ನು ಎಚ್‌ಇಐಸಿಯಿಂದ ಜೆಪೆಗ್‌ಗೆ, ಬಣ್ಣದ ಪ್ರೊಫೈಲನ್ನು ಡಿಸ್‌ಪ್ಲೇ ಪಿ3ಯಿಂದ ಎಸ್‌ಆರ್‌ಜಿಬಿಗೆ ಬದಲಿಸಿಯೇ ಕೊಡಿ. ಅಂಗಡಿಯ ಸಾಫ್ಟ್‌ವೇರ್ ಪ್ರೊಫೈಲ್ ಓದದಿದ್ದರೆ ಬಣ್ಣವೆಲ್ಲ ಬಿಳಿಚಿಕೊಳ್ಳುತ್ತದೆ.

40ನ್ನೂ ಒಟ್ಟಿಗೆ ಮುದ್ರಿಸಬೇಡಿ. ಪ್ರತಿ ಚಿತ್ರದ ಮುಖ್ಯ ಭಾಗದಿಂದ 2×6 ಇಂಚಿನ ಒಂದೊಂದು ಪಟ್ಟಿ ಕತ್ತರಿಸಿ, ಎಲ್ಲವನ್ನೂ ಎರಡು ಹಾಳೆಗೆ ಜೋಡಿಸಿ, ಅದೇ ಕಾಗದದಲ್ಲಿ ಪರೀಕ್ಷೆ ಮುದ್ರಣ ತೆಗೆಸಿ. ಎ2 ಹಾಳೆ ಒಂದಕ್ಕೆ 20 ಪಟ್ಟಿ ಆರಾಮಾಗಿ ಹಿಡಿಯುತ್ತವೆ. ಅವನ್ನು ಹಾಲ್‌ನಲ್ಲಿ ಹಾಕಲಿರುವ ದೀಪದ ಕೆಳಗೇ ಹಿಡಿದು ನೋಡಬೇಕು. ಬೇರೆ ಬೆಳಕಿನಲ್ಲಿ ತಿದ್ದಿದರೆ ಎರಡೆರಡು ಸಲ ತಿದ್ದುವುದಾಗುತ್ತದೆ.

ಬಿಡಿಸಿದ ಚಿತ್ರಗಳಿಗೆ 230 ಜಿಎಸ್‌ಎಂಗಿಂತ ದಪ್ಪದ ಮ್ಯಾಟ್ ಕಾಗದ, ಪಿಗ್ಮೆಂಟ್ ಶಾಯಿ. ಫ್ಲೆಕ್ಸ್ ಬೇಡವೇ ಬೇಡ. ಅದು ರಸ್ತೆಯ ಆಚೆಯಿಂದ ನೋಡಲು ಮಾಡಿದ್ದು, ಹತ್ತಿರ ಹೋದರೆ ಚುಕ್ಕಿ ಎದ್ದು ಕಾಣುತ್ತದೆ.

ಚೌಕಟ್ಟು:

ಮುದ್ರಣಮಿತ್ರ ಅವರು ಫೈಲಿನ ಲೆಕ್ಕ ಹೇಳಿದ್ದಾರೆ, ಗೋಡೆಯ ಲೆಕ್ಕವೂ ಅದನ್ನೇ ಹೇಳುತ್ತದೆ. ಎ2 ಚಿತ್ರ ಅಂಚು, ಚೌಕಟ್ಟು ಸೇರಿ 22 ಇಂಚು ಅಗಲ, ನಡುವೆ 8 ಇಂಚು ಜಾಗ, ಒಟ್ಟು ಎರಡೂವರೆ ಅಡಿ. 40 ಚಿತ್ರಕ್ಕೆ 100 ಅಡಿ. ನಿಮ್ಮಲ್ಲಿರುವುದು 90. ಸರಾಸರಿ 16 ಇಂಚು ಚೌಕಟ್ಟು ಇಟ್ಟುಕೊಂಡರೆ 80 ಅಡಿಯಲ್ಲಿ ಮುಗಿಯುತ್ತದೆ. ಐದಾರು ದೊಡ್ಡವು, ಉಳಿದವು ಚಿಕ್ಕವು, ಅತಿ ಚಿಕ್ಕವನ್ನು ಒಂದರ ಕೆಳಗೊಂದು ಜೋಡಿಯಾಗಿ ಹಾಕಿ. ಅಂಗೈಯಲ್ಲಿ ಹಿಡಿದು ಬಿಡಿಸಿದ ಚಿತ್ರಕ್ಕೆ ಜನ ಹತ್ತಿರ ಬಂದು ಬಗ್ಗಿ ನೋಡುವುದೇ ಚೆಂದ.

ಸನ್‌ಬೋರ್ಡ್ ಬಗ್ಗೆ ಕೇಳಿದಿರಿ. ಅದು ಪಿವಿಸಿ ಪ್ಲಾಸ್ಟಿಕ್ಕಿನ ಹಲಗೆ, ತೇವ ಹೀರುವುದಿಲ್ಲ, ಅಷ್ಟು ಮಟ್ಟಿಗೆ ಕೊಡಗಿಗೆ ಒಗ್ಗುತ್ತದೆ. ದೊಡ್ಡ ಫೋಟೊಗಳಿಗೆ ಮತ್ತು ವಿವರದ ಫಲಕಗಳಿಗೆ ತೆಗೆದುಕೊಳ್ಳಿ. ಆದರೆ 3 ಮಿಮೀ ಬೇಡ, ಎರಡೇ ದಿನದಲ್ಲಿ ಬಿಲ್ಲಿನ ಹಾಗೆ ಬಾಗುತ್ತದೆ, 5 ಮಿಮೀ ಕೇಳಿ. ಮೇಲೆ ಮ್ಯಾಟ್ ಲ್ಯಾಮಿನೇಶನ್ ಇರಲಿ. ಹೊಳಪಿನದಾದರೆ ಎದುರಿನ ಕಿಟಕಿ ಇಡಿಯಾಗಿ ಚಿತ್ರದೊಳಗೆ ಕೂತಿರುತ್ತದೆ.

ಕಾಗದದ ಮುದ್ರಣಗಳ ಕಡೆಗೆ ಹೆಚ್ಚು ಗಮನ ಬೇಕು. ಕಾಗದ ತೇವ ಹೀರಿದಾಗ ಹಿಗ್ಗುತ್ತದೆ. ನಾಲ್ಕೂ ಅಂಚಿಗೆ ಡಬಲ್ ಸೈಡ್ ಟೇಪ್ ಹಾಕಿ ಬಿಗಿದಿದ್ದರೆ ಹಿಗ್ಗಲು ಜಾಗ ಇಲ್ಲದೆ ನಡುವೆ ಅಲೆ ಏಳುತ್ತದೆ. ಜನ ಇದನ್ನು ಕಾಗದದ ದೋಷ ಅಂದುಕೊಳ್ಳುತ್ತಾರೆ, ದೋಷ ಇರುವುದು ಅಂಟಿಸಿದ ರೀತಿಯಲ್ಲಿ. ಮೇಲಿನ ಅಂಚಿನಲ್ಲಿ ಮಾತ್ರ ಎರಡು ಕಡೆ, ಹಿಂಬದಿಯಿಂದ, ‘ಟಿ’ ಆಕಾರದಲ್ಲಿ ಕಾಗದದ ಟೇಪ್ ಹಾಕಿ ಮೌಂಟ್ ಬೋರ್ಡಿಗೆ (ಚಿತ್ರ ಕೂರಿಸುವ ದಪ್ಪ ರಟ್ಟು) ತೂಗುಬಿಡಿ. ಉಳಿದ ಮೂರು ಬದಿ ಸಡಿಲ ಇರಲಿ. ಇದಕ್ಕಾಗಿಯೇ ಮುದ್ರಿಸುವಾಗ ಸುತ್ತ ಒಂದಿಂಚು ಬಿಳಿ ಅಂಚು ಬಿಡಿಸಿ.

ಮೈಸೂರಿನಲ್ಲಿ ಮುದ್ರಿಸಿ ತರುವುದಾದರೆ ತಂದ ಕೂಡಲೇ ಚೌಕಟ್ಟಿಗೆ ಹಾಕಬೇಡಿ. ಅಲ್ಲಿನ ಒಣ ಗಾಳಿಯಲ್ಲಿದ್ದ ಕಾಗದ ಇಲ್ಲಿ ತೇವ ಹೀರಿ ಅಳತೆಯನ್ನೇ ಬದಲಿಸುತ್ತದೆ. ಸುರುಳಿ ಬಿಚ್ಚಿ, ನಡುನಡುವೆ ಬಟರ್ ಪೇಪರ್ ಇಟ್ಟು, ಮೇಲೆ ಪ್ಲೈವುಡ್ ಹಲಗೆ ಹೇರಿ, ಅದೇ ಹಾಲ್‌ನಲ್ಲಿ 24 ಗಂಟೆ ಬಿಡಿ. ಆಮೇಲೆ ಮೌಂಟ್ ಮಾಡಿ. ಮುಂದೆ ಗಾಜು ಅಥವಾ ಅಕ್ರಿಲಿಕ್ ಹಾಕಿದರೆ ಅದು ಮುದ್ರಣಕ್ಕೆ ತಾಗಬಾರದು. ತಾಗಿದ ಕಡೆ ತೇವ ಸೇರಿ ಶಾಯಿ ಅಂಟಿಕೊಂಡರೆ ಬಿಡಿಸುವಾಗ ಚಿತ್ರವೇ ಕಿತ್ತು ಬರುತ್ತದೆ. ಕಿಟಕಿಯ ಹಾಗೆ ಕತ್ತರಿಸಿದ 2 ಮಿಮೀ ಮೌಂಟ್ ಬೋರ್ಡ್ ನಡುವೆ ಇದ್ದರೆ ಸಾಕು. ಮೂರೇ ದಿನ ಆದ್ದರಿಂದ ಮುಂದೆ ಏನೂ ಹಾಕದಿರುವುದೇ ನನ್ನ ಮಟ್ಟಿಗೆ ಮೇಲು. ಪ್ರತಿಫಲನವೂ ಇರುವುದಿಲ್ಲ, ಭಾರವೂ ಕಡಿಮೆ.

ಮಳೆ ಬಡಿಯುವ ಪಡುವಣ ಗೋಡೆಯನ್ನು ಅಂಗೈ ಇಟ್ಟು ನೋಡಿ. ದಪ್ಪ ಸುಣ್ಣದ ಗೋಡೆ ಮಳೆಗಾಲದ ನೀರನ್ನು ಡಿಸೆಂಬರ್‌ವರೆಗೂ ಹಿಡಿದಿರಬಹುದು. ತಣ್ಣಗೆ, ಜಿಡ್ಡುಜಿಡ್ಡಾಗಿ ಅನ್ನಿಸಿದರೆ ಆ ಗೋಡೆಗೆ ಸನ್‌ಬೋರ್ಡ್ ಮಾತ್ರ ಹಾಕಿ. ಉಳಿದ ಕಡೆಯೂ ಚೌಕಟ್ಟಿನ ಕೆಳಗಿನ ಎರಡು ಮೂಲೆಗೆ ಅರ್ಧ ಇಂಚಿನ ರಬ್ಬರ್ ಗುಂಡಿ ಅಂಟಿಸಿ, ಹಿಂದೆ ಗಾಳಿ ಆಡಲಿ. ಬೆಳಿಗ್ಗೆ ಮಂಜು ಕರಗುವವರೆಗೆ ಕಿಟಕಿ ತೆರೆಯಬೇಡಿ, ಹತ್ತು ಗಂಟೆ ಮೇಲೆ ತೆರೆದು ಸಂಜೆ ಐದಕ್ಕೆ ಮುಚ್ಚಿ. ಗಾಳಿಯ ತೇವಾಂಶ ಪ್ರತಿಶತ 65 ದಾಟಿ ಹಾಗೇ ನಿಂತರೆ ಬೂಷ್ಟು ಹಿಡಿಯುತ್ತದೆ. ತೇವಾಂಶ ಅಳೆಯುವ ಹೈಗ್ರೋಮೀಟರ್ ಒಂದನ್ನು ತೂಗುಹಾಕಿ, ಊಹೆಯ ಮೇಲೆ ಹೋಗಬೇಡಿ.

ಆ ಮರದ ಪಟ್ಟಿ ನಿಮಗೆ ವರ, ಆದರೆ ಗೆದ್ದಲು ತಿಂದಿದೆಯೇ ಎಂದು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಪ್ರತಿ ನಾಲ್ಕಡಿಗೊಮ್ಮೆ 10 ಕಿಲೊ ತೂಕ ನೇತುಹಾಕಿ ಅರ್ಧ ಗಂಟೆ ಬಿಡಿ. ತಾಳಿದರೆ ‘ಎಸ್’ ಕೊಕ್ಕೆ ಹಾಕಿ 1 ಮಿಮೀ ಸ್ಟೀಲ್ ತಂತಿ ಇಳಿಸಿ. ಗಾಳದ ನೈಲಾನ್ ಬೇಡ, ಗಂಟು ಜಾರುತ್ತದೆ, ಭಾರಕ್ಕೆ ನಿಧಾನವಾಗಿ ಎಳೆದುಕೊಂಡು ಮರುದಿನ ಬೆಳಿಗ್ಗೆ ಸಾಲು ಏರುಪೇರಾಗಿರುತ್ತದೆ. ಚೌಕಟ್ಟಿಗೆ ಎರಡು ತಂತಿ, ರಿಂಗುಗಳು ಮೇಲಿನಿಂದ ಮೂರನೇ ಒಂದು ಭಾಗದೊಳಗೇ ಇರಲಿ, ಕೆಳಗಿಳಿದರೆ ಚಿತ್ರ ಮುಂದಕ್ಕೆ ಬಾಗುತ್ತದೆ. ಚಿತ್ರದ ನಡುಭಾಗ ನೆಲದಿಂದ 58 ಇಂಚು ಎತ್ತರಕ್ಕೆ ಬರಲಿ.

ದೀಪಕ್ಕೆ ಟ್ಯೂಬ್‌ಲೈಟ್ ನೆಚ್ಚಬೇಡಿ. 4000 ಕೆಲ್ವಿನ್, ಸಿಆರ್‌ಐ (ಬಣ್ಣವನ್ನು ಇದ್ದ ಹಾಗೆ ತೋರಿಸುವ ಅಳತೆ) 90 ಎಂದು ಬರೆದಿರುವ ಎಲ್‌ಇಡಿ ಸ್ಪಾಟ್‌ಗಳನ್ನು ಲಂಬರೇಖೆಗೆ 30 ಡಿಗ್ರಿ ಕೋನದಲ್ಲಿ ಬಿಡಿ.

ತೆರೆಮನೆ:

ಮುದ್ರಣಕ್ಕೆ ನನ್ನ ವಿರೋಧವಿಲ್ಲ, ಆದರೆ ಪರದೆಯನ್ನು ಪೂರ್ತಿ ಬಿಟ್ಟರೆ ಈ ಕಲೆಯ ಅರ್ಧ ಜೀವ ಹೋಗುತ್ತದೆ. ಬ್ರಿಟಿಷ್ ಚಿತ್ರಕಾರ ಡೇವಿಡ್ ಹಾಕ್ನಿ 2009ರಿಂದ ಐಫೋನ್‌ನಲ್ಲಿ ಬೆರಳಿಂದ ಹೂವು ಬಿಡಿಸಿದರು, 2010ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನ ಇಟ್ಟಾಗ ಐಫೋನ್, ಐಪ್ಯಾಡ್‌ಗಳಲ್ಲೇ ಅವನ್ನು ತೋರಿಸಿದರು. ಅದೇ ಹಾಕ್ನಿ 2012ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಐಪ್ಯಾಡ್ ಚಿತ್ರಗಳನ್ನು ದೊಡ್ಡ ಕಾಗದಕ್ಕೆ ಮುದ್ರಿಸಿ ಹಾಕಿದರು. ಎರಡಕ್ಕೂ ಜಾಗ ಇದೆ.

ನಿಮ್ಮಲ್ಲಿ ಮುದ್ರಣಕ್ಕೆ ಸಾಲದ 1080×1920 ಚಿತ್ರಗಳು ಇರುತ್ತವಲ್ಲ, ಅವನ್ನು ಫುಲ್ ಎಚ್‌ಡಿ ಟಿವಿಗೆ ಕೊಡಿ. ಟಿವಿಯನ್ನು ಎತ್ತಿ ಉದ್ದುದ್ದಕ್ಕೆ ನಿಲ್ಲಿಸಿದರೆ ಪಿಕ್ಸೆಲ್‌ಗೆ ಪಿಕ್ಸೆಲ್ ಸರಿಹೊಂದುತ್ತದೆ, ಒಂದು ಚುಕ್ಕಿಯೂ ಹಿಗ್ಗುವುದಿಲ್ಲ. ಅಡ್ಡ ಇಟ್ಟರೆ ಅದೇ ಚಿತ್ರ ಪರದೆಯ ಮೂರನೇ ಒಂದು ಭಾಗಕ್ಕೂ ಕಡಿಮೆ ಜಾಗದಲ್ಲಿ ಕೂರುತ್ತದೆ. ಟಿವಿಗೆ ತಾನು ತಿರುಗಿದ್ದು ಗೊತ್ತಾಗುವುದಿಲ್ಲ, ಆದ್ದರಿಂದ ಫೈಲನ್ನೇ 90 ಡಿಗ್ರಿ ತಿರುಗಿಸಿ ಪೆನ್‌ಡ್ರೈವ್‌ಗೆ ಹಾಕಿ. ಸೆಟ್ಟಿಂಗ್‌ನಲ್ಲಿ ಓವರ್‌ಸ್ಕ್ಯಾನ್ ತೆಗೆಯಿರಿ, ಇಲ್ಲದಿದ್ದರೆ ಟಿವಿ ನಾಲ್ಕೂ ಅಂಚನ್ನು ನುಂಗುತ್ತದೆ. ಪಿಕ್ಚರ್ ಮೋಡ್ ‘ವಿವಿಡ್’ ಬೇಡ, ‘ಸಿನಿಮಾ’ ಅಥವಾ ‘ನ್ಯಾಚುರಲ್’ ಇಡಿ.

ಬಿಡಿಸಿದ ಕ್ರಮವನ್ನೇ ತೋರಿಸಲು ಟ್ಯಾಬ್ ಬಳಸಿ. ಐಬಿಸ್ ಪೇಂಟ್ ಬಿಡಿಸುವ ಪ್ರತಿ ಗೆರೆಯನ್ನೂ ದಾಖಲಿಸಿಕೊಂಡು ವಿಡಿಯೊ ಆಗಿ ಕೊಡುತ್ತದೆ, ಪ್ರೊಕ್ರಿಯೇಟ್ ಪಾಕೆಟ್‌ನಲ್ಲೂ ಟೈಮ್‌ಲ್ಯಾಪ್ಸ್ ಇದೆ. ಮುದ್ರಣದ ಪಕ್ಕದಲ್ಲಿ ಒಂದು ನಿಮಿಷದ ಈ ವಿಡಿಯೊ ಓಡುತ್ತಿದ್ದರೆ, ಖಾಲಿ ಬಿಳಿಯಿಂದ ಬ್ರಹ್ಮಗಿರಿಯ ಸಾಲು ಹೇಗೆ ಎದ್ದು ಬಂತು ಎಂದು ಶಾಲೆ ಮಕ್ಕಳಿಗೂ ಅರ್ಥವಾಗುತ್ತದೆ. ಕ್ಯೂಆರ್ ಕೋಡ್ ಅಂಟಿಸಿ ಕೈತೊಳೆದುಕೊಳ್ಳಬೇಡಿ, ಆ ದಪ್ಪ ಗೋಡೆಯೊಳಗೆ ನೆಟ್‌ವರ್ಕ್ ನಂಬಲಾಗದು. ಫೈಲು ಟ್ಯಾಬ್‌ನಲ್ಲೇ ಇರಲಿ.

ಟ್ಯಾಬ್ ಆಂಡ್ರಾಯ್ಡ್ ಆದರೆ ‘ಆ್ಯಪ್ ಪಿನ್ನಿಂಗ್’, ಐಪ್ಯಾಡ್ ಆದರೆ ‘ಗೈಡೆಡ್ ಆ್ಯಕ್ಸೆಸ್’ ಹಾಕಿ, ನೋಡುಗರು ಬೇರೆ ಆ್ಯಪ್‌ಗೆ ಹೋಗಲಾಗುವುದಿಲ್ಲ. ಏರೋಪ್ಲೇನ್ ಮೋಡ್ ಇರಲಿ, ನೋಟಿಫಿಕೇಶನ್ ಬರಬಾರದು. ಐ ಕಂಫರ್ಟ್, ನೈಟ್ ಲೈಟ್ ಎಲ್ಲ ಆಫ್. ಮೂರು ದಿನ ಚಾರ್ಜರ್‌ಗೆ ಕಟ್ಟಿಹಾಕಿದರೆ ಬ್ಯಾಟರಿ ಬಿಸಿಯಾಗಿ ಉಬ್ಬಬಹುದು. ಚಾರ್ಜ್ ಮಿತಿಯನ್ನು 80ಕ್ಕೆ ಇಡುವ ಸೌಲಭ್ಯ ಇದ್ದರೆ ಹಾಕಿ, ರಾತ್ರಿ ಪ್ಲಗ್ ಕಿತ್ತಿಡಿ. ಹಿಂಬದಿಯನ್ನು ಫೋಮ್ ಶೀಟಿನಲ್ಲಿ ಮುಚ್ಚಬೇಡಿ. ಒಎಲ್‌ಇಡಿ ಪರದೆಯಲ್ಲಿ ಒಂದೇ ಚಿತ್ರ ದಿನವಿಡೀ ನಿಂತರೆ ಅಚ್ಚು ಉಳಿಯುವ ಅಪಾಯ ಇದೆ. ಬೆಳಕು ಅರ್ಧಕ್ಕಿಳಿಸಿ, ಎರಡು ಮೂರು ಚಿತ್ರ ಬದಲಾಗುತ್ತಿರಲಿ.

ಕರೆಂಟಿನ ಲೆಕ್ಕ ಹೀಗೆ. ಟಿವಿ ಮೂರು, ಒಂದಕ್ಕೆ 70 ವ್ಯಾಟ್ ಹಿಡಿದರೆ 210. ಟ್ಯಾಬ್ ಆರು, ತಲಾ 10ರಂತೆ 60. ಒಟ್ಟು 270 ವ್ಯಾಟ್. 12 ವೋಲ್ಟ್ 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 1800 ವ್ಯಾಟ್ ಅವರ್ ಇರುತ್ತದೆ, ಅರ್ಧಕ್ಕಿಂತ ಕೆಳಗಿಳಿಸದೆ, ಇನ್ವರ್ಟರ್ ನಷ್ಟ ಕಳೆದು 740 ಸಿಕ್ಕೀತು. ಎರಡೂವರೆ ಗಂಟೆ ನಡೆಯುತ್ತದೆ. ಸ್ಪಾಟ್ ದೀಪಗಳನ್ನೂ ಇದೇ ಬ್ಯಾಟರಿಗೆ ಕೊಟ್ಟರೆ ಸಾಲದು, ಅವಕ್ಕೆ ಬೇರೆಯೇ ಇರಲಿ.

ಬೆಟ್ಟದಬಣ್ಣ:

ತುಂಬಾ ಉಪಕಾರವಾಯಿತು. ಎ2 ಕೈಬಿಟ್ಟೆವು. ಇನ್ನೆರಡು ವಿಷಯ. ಒಂದು ಒಳ್ಳೇ ಚಿತ್ರದ ಮೂಲ ಫೈಲು ಇಲ್ಲ, ಕಲಾವಿದೆ ಫೋನ್ ಬದಲಿಸಿದ್ದಾರೆ, ವಾಟ್ಸ್ಯಾಪ್‌ನ 1600×1200 ಪ್ರತಿ ಮಾತ್ರ ಇದೆ. ಎರಡನೆಯದು, ಎಐಗೆ ಬರೆದು ಮಾಡಿಸಿದ ಚಿತ್ರ ಒಂದೆರಡು ಸೇರಿಕೊಂಡಿವೆ ಎಂಬ ಸಂಶಯ. ಹೇಗೆ ನೋಡಿಕೊಳ್ಳುವುದು?

ಮುದ್ರಣಮಿತ್ರ:

ಮೊದಲು ಹುಡುಕಿಸಿ ನೋಡಿ. ಗೂಗಲ್ ಫೋಟೋಸ್ ಬ್ಯಾಕಪ್ ಇತ್ತೇ? ‘ಒರಿಜಿನಲ್ ಕ್ವಾಲಿಟಿ’ ಇದ್ದರೆ ಮೂಲವೇ ಸಿಗುತ್ತದೆ, ‘ಸ್ಟೋರೇಜ್ ಸೇವರ್’ ಇದ್ದರೂ ವಾಟ್ಸ್ಯಾಪ್ ಪ್ರತಿಗಿಂತ ಎಷ್ಟೋ ಮೇಲು. ಹಳೇ ಫೋನು ಮನೆಯಲ್ಲೇ ಬಿದ್ದಿದ್ದರೆ ಚಾರ್ಜ್ ಮಾಡಿ ಆ್ಯಪ್‌ನ ಒಳಗಿನ ಗ್ಯಾಲರಿ ತೆರೆಯಿರಿ, ಹೆಚ್ಚಿನವರು ಫೋನಿನ ಗ್ಯಾಲರಿ ಮಾತ್ರ ನೋಡಿ ಇಲ್ಲ ಅನ್ನುತ್ತಾರೆ. ಏನೂ ಸಿಗದಿದ್ದರೆ 1600×1200ನ್ನು ಇಂಚಿಗೆ 200ರಂತೆ 8×6 ಇಂಚಿಗೆ ಮುದ್ರಿಸಿ, 14×12 ಇಂಚಿನ ಅಗಲ ಬಿಳಿ ಮೌಂಟ್‌ನ ನಡುವೆ ಕೂರಿಸಿ. ಚಿತ್ರ ಹಿಗ್ಗಿಸುವ ಎಐ ಅಪ್‌ಸ್ಕೇಲರ್‌ಗೆ ಹಾಕಬೇಡಿ. ಅದು ಮುಖದಲ್ಲಿ ಇಲ್ಲದ ರೆಪ್ಪೆ, ಸೀರೆಯಲ್ಲಿ ಇಲ್ಲದ ಜರಿ ಹುಟ್ಟಿಸುತ್ತದೆ, ಅದು ಅವರು ಬಿಡಿಸಿದ್ದಲ್ಲ.

ಚೌಕಟ್ಟು:

ಎಐ ಬಗ್ಗೆ ಸಂಶಯಪಡುತ್ತಾ ಕೂರುವುದಕ್ಕಿಂತ ಎಲ್ಲರಿಗೂ ಒಂದೇ ನಿಯಮ ಮಾಡಿ. ಬಿಡಿಸಿದ ಚಿತ್ರವಾದರೆ ಟೈಮ್‌ಲ್ಯಾಪ್ಸ್ ವಿಡಿಯೊ ಅಥವಾ ಲೇಯರ್ ಪಟ್ಟಿ ತೆರೆದಿಟ್ಟ ಸ್ಕ್ರೀನ್‌ಶಾಟ್, ಫೋಟೊ ಆದರೆ ತಿದ್ದುವ ಮೊದಲಿನ ಮೂಲ ಫೈಲು. ಎರಡೂ ಇಲ್ಲದವರನ್ನು ಕರೆದು ಮಾತಾಡಿ. ಎಐ ಬಳಸಿದ್ದೇವೆ ಎಂದು ಹೇಳಿದವರಿಗೆ ಬೇರೆ ಮೂಲೆ ಕೊಟ್ಟು ಹಾಗೆಂದು ಫಲಕದಲ್ಲಿ ಬರೆಯಿರಿ. ಪಿಂಟರೆಸ್ಟ್‌ನ ಫೋಟೊ ಕೆಳಗಿಟ್ಟು ಅದರ ಮೇಲೆ ಗೆರೆ ಎಳೆದದ್ದೂ ಲೇಯರ್ ಪಟ್ಟಿಯಲ್ಲಿ ಸಿಕ್ಕಿಬೀಳುತ್ತದೆ. ಅಂಥದ್ದು ಬೇಡ, ಮೂಲ ಫೋಟೊದ ಹಕ್ಕು ಬೇರೆಯವರದ್ದು.

ಫಲಕದಲ್ಲಿ ಹೆಸರು, ಶೀರ್ಷಿಕೆ, ವರ್ಷದ ಜೊತೆಗೆ ಯಾವ ಆ್ಯಪ್, ಬೆರಳೋ ಸ್ಟೈಲಸ್ಸೋ, ಮೂಲ ಕ್ಯಾನ್ವಾಸ್ ಎಷ್ಟು ಪಿಕ್ಸೆಲ್ ಎಂದು ಹಾಕಿ. ನೋಡಲು ಬರುವ ಹುಡುಗರು ಮೊದಲು ಕೇಳುವುದೇ ಅದು. ಮುದ್ರಿಸಲು ಮತ್ತು ಪ್ರಚಾರಕ್ಕೆ ಬಳಸಲು ಎಲ್ಲರಿಂದ ಲಿಖಿತ ಒಪ್ಪಿಗೆ ಪಡೆಯಿರಿ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಂ ಪ್ರಕಾರ ತನ್ನ ಹೆಸರು ಹೇಳಿಸಿಕೊಳ್ಳುವ ಹಕ್ಕು, ಕೃತಿಯನ್ನು ವಿರೂಪಗೊಳಿಸಿ ಗೌರವಕ್ಕೆ ಧಕ್ಕೆ ತಂದರೆ ಆಕ್ಷೇಪಿಸುವ ಹಕ್ಕು ಕಲಾವಿದರಿಗೆ ಉಳಿದೇ ಇರುತ್ತದೆ. ಚೌಕಟ್ಟಿಗೆ ಹೊಂದಲಿ ಎಂದು ಕೇಳದೆ ಅಂಚು ಕತ್ತರಿಸಬೇಡಿ.

ದಿನಾಂಕ ಅಂತಿಮ ಮಾಡುವ ಮುಂಚೆ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಯಾವತ್ತು ಬೀಳುತ್ತದೆ ನೋಡಿಕೊಳ್ಳಿ. ಅರೇಬಿಕಾ ಕೊಯ್ಲಿನ ಸಮಯವೂ ಹೌದು, ತೋಟದವರು ಹಗಲು ಬರುವುದು ಕಷ್ಟ. ಒಂದು ದಿನವಾದರೂ ರಾತ್ರಿ ಎಂಟರವರೆಗೆ ತೆರೆದಿಡಿ.

ಇಳಿಸುವ ದಿನ ಸಂಜೆ ಮಂಜು ಇಳಿದ ಮೇಲೆ ಪ್ಯಾಕ್ ಮಾಡಬೇಡಿ, ಆ ತೇವವನ್ನೂ ಸೇರಿಸಿ ಕಟ್ಟಿದಂತಾಗುತ್ತದೆ. ಮರುದಿನ ಬಿಸಿಲೇರಿದ ಮೇಲೆ ಮುದ್ರಣಗಳ ನಡುವೆ ಬಟರ್ ಪೇಪರ್ ಹಾಕಿ, ಮಡಚದೆ ಚಪ್ಪಟೆಯಾಗಿ ಎರಡು ರಟ್ಟಿನ ನಡುವೆ ಇಟ್ಟು, ಸಿಲಿಕಾ ಜೆಲ್‌ನ ನಾಲ್ಕು ಪೊಟ್ಟಣದೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಮೇಲೆ ‘ಮಳೆಗಾಲಕ್ಕೆ ಮುಂಚೆ ತೆರೆದು ಗಾಳಿಗಿಡಿ’ ಎಂದು ಬರೆದು ಕಲಾವಿದರಿಗೆ ಕೊಡಿ.